ರೇಡಿಯೋ ಕಂಬದ ಮನೆ

ಮೇಳಿಗೆಯ ಅನಂತರಾಜಯ್ಯನವರ ಮನೆಯಲ್ಲಿ ರೇಡಿಯೋ ಇರಲಿಲ್ಲ. ರೇಡಿಯೋದ ಕಂಬ ಮಾತ್ರ ಇತ್ತು. ಮಗಳು ಚಂದ್ರಮತಿಗೆ ಒಳ್ಳೆಯ ಸಂಬಂಧ ಬರಲೆಂದು ಮೂರು ಬಿದಿರುಗಳನ್ನು ಒಂದಕ್ಕೊಂದು ಬಿಗಿದು ನಿಲ್ಲಿಸಿ, ತುದಿಯಿಂದ ತಾಮ್ರದ ತಂತಿ ಎಳೆದು ಕಿಟಕಿಯೊಳಗೆ ಬಿಟ್ಟಿದ್ದರು. ಒಳಗೆ ಏನಿದೆಯೆಂದು ಯಾರು ನೋಡುತ್ತಾರೆ? ಕಂಬ ಮೈಲಿ ದೂರಕ್ಕೆ ಕಾಣುತ್ತಿತ್ತು. ಎರಡೇ ತಿಂಗಳಲ್ಲಿ ಬಸ್ಸಿನ ಕಂಡಕ್ಟರ್ ಹೂವಯ್ಯ, "ರೇಡಿಯೋ ಕಂಬ, ಇಳಿಯೋರು ಇಳೀರಿ" ಎಂದು ಕೂಗತೊಡಗಿದ.

ಸಂಬಂಧವೂ ಬಂತು. ಹುಡುಗನ ತಂದೆ, ಅರಳಸುರಳಿಯ ನೇಮಿರಾಜಯ್ಯ, ತೀರ್ಥಹಳ್ಳಿಗೆ ಹೋಗುವ ಮಧ್ಯಾಹ್ನದ ಬಸ್ಸಿನಿಂದಿಳಿದು ಜಗಲಿಯಲ್ಲಿ ಕುಳಿತರು. ಕುಳಿತವರು ಹೆಣ್ಣಿನ ಮಾತೇ ಎತ್ತಲಿಲ್ಲ.

"ರೇಡಿಯೋ ಹಾಕಿ, ಕೇಳುವ" ಎಂದರು.

"ಎಂತ ಮಾಡೋದು, ಬ್ಯಾಟರಿ ಇಳಿದುಹೋಗಿದೆ" ಎಂದರು ಅನಂತರಾಜಯ್ಯ.

ಕರೆಯದೆ ಬಂದು ಕುಳಿತಿದ್ದ ಪಕ್ಕದ ಮನೆಯ ಸೀತಾರಾಮಪ್ಪನಿಗೆ ಅಷ್ಟೇ ಸಾಕಾಯಿತು. "ಅದಕ್ಕೆಂತ, ಬಸ್ಸು ಇನ್ನೂ ಕಾಫಿಗೆ ನಿಂತಿದೆ" ಎಂದು ಓಡಿದವನು ಬಸ್ಸಿನ ಬ್ಯಾಟರಿಯನ್ನೇ ಬಿಚ್ಚಿಸಿ ಹೊರಿಸಿಕೊಂಡು ಬಂದ. ಹೂವಯ್ಯನಿಗೂ ರೇಡಿಯೋ ಕೇಳುವ ಚಪಲ. ಬ್ಯಾಟರಿಯ ಹಿಂದೆ ಹೂವಯ್ಯ, ಹೂವಯ್ಯನ ಹಿಂದೆ ಬಸ್ಸಿನ ಜನವೆಲ್ಲ ಬಂದರು.

ಅನಂತರಾಜಯ್ಯ ಎದ್ದು ಬಾಗಿಲಿಗೆ ಅಡ್ಡ ನಿಂತರು. "ಬ್ಯಾಟರಿ ಒಂದೇ ಅಲ್ಲ, ಒಳಗೆ ಎಂತದೋ ಸುಟ್ಟಿದೆ. ತೀರ್ಥಹಳ್ಳಿಯಿಂದ ರಿಪೇರಿಯವರೇ ಬರಬೇಕು."

"ಬಂದಾಗಿದೆಯಲ್ಲ" ಎಂದ ಹೂವಯ್ಯ, ಪ್ರಯಾಣಿಕರ ನಡುವಿನಿಂದ ಒಬ್ಬ ಸಣಕಲನನ್ನು ಮುಂದಕ್ಕೆ ದಬ್ಬುತ್ತಾ. "ಈ ಶಂಭಣ್ಣಂದು ತೀರ್ಥಹಳ್ಳೀಲಿ ಅಂಗಡಿ. ರೇಡಿಯೋ ರಿಪೇರಿ ಅಂತ ಬೋರ್ಡೇ ಇದೆ."

ಶಂಭುವಿಗೂ ಮುಂದೆ ಬರಲು ಮನಸ್ಸಿದ್ದಂತೆ ಕಾಣಲಿಲ್ಲ. ಜನ ಬಿಡಬೇಕಲ್ಲ.

ಒಳಕೋಣೆಯ ಬಾಗಿಲು ಹಾಕಿದ್ದೇ ಅನಂತರಾಜಯ್ಯ ಕೈಮುಗಿದರು. "ಮಾನ ಉಳಿಸಿ ಮಾರಾಯ್ರೆ. ರೇಡಿಯೋನೇ ಇಲ್ಲ. ಗೊತ್ತಾದ್ರೆ ಮಗಳ ಸಂಬಂಧ ಮುರೀತದೆ. ರಿಪೇರಿ ಆಗೋಲ್ಲ ಅಂತ ಹೇಳಿಬಿಡಿ."

ಶಂಭು ಉಸ್ಸೆಂದು ನೆಲಕ್ಕೆ ಕುಳಿತ. "ಬದುಕಿದೆ. ನಾನು ಹೊಲಿಗೆ ಮಿಶನ್ ರಿಪೇರಿಯವ ರಾಯರೆ. ಬೋರ್ಡಿಗೆ ರೇಡಿಯೋ ಅಂತ ಮರ್ಯಾದೆಗೆ ಬರೆಸಿದ್ದು. ಅದರ ಒಳಗೆ ಎಂತ ಇರ್ತದೆ ಅಂತ ಇವತ್ತಿಗೂ ನೋಡಿಲ್ಲ."

ಇಬ್ಬರೂ ನಕ್ಕರು. ಅನಂತರಾಜಯ್ಯನವರಿಗೆ ಹೋದ ಜೀವ ಬಂದಂತಾಯಿತು.

ಬಾಗಿಲು ತೆರೆದರೆ ಎದುರಿಗೇ ಸೀತಾರಾಮಪ್ಪ. "ನಿಮ್ಮ ಕೈಲಿ ಆಗ್ಲಿಲ್ಲ ಅಲ್ವಾ?" ಎಂದ. ಬಸ್ಸಿನ ಜನವೆಲ್ಲ ಶಂಭುವಿನ ಮುಖವನ್ನೇ ನೋಡಿದರು.

"ನನ್ನ ಕೈಲಿ ಆಗದ್ದು ಎಂತದ್ದು?" ಎಂದ ಶಂಭು. "ರಿಪೇರಿ ಆಯ್ತು. ಇನ್ನು ಹತ್ತು ವರ್ಷ ಮುಟ್ಟೋ ಹಾಗಿಲ್ಲ." ಅಷ್ಟು ಹೇಳಿದವನು ಬಸ್ಸಿಗೂ ಕಾಯದೆ ತೀರ್ಥಹಳ್ಳಿಯ ದಾರಿ ಹಿಡಿದು ನಡೆದೇಬಿಟ್ಟ.

ನೇಮಿರಾಜಯ್ಯ ಶಲ್ಯ ತೆಗೆದು ಗೂಟಕ್ಕೆ ಹಾಕಿದರು. "ಹಾಗಾದ್ರೆ ಬ್ಯಾಟರಿಯೂ ಬಂತು, ರಿಪೇರಿಯೂ ಆಯ್ತು. ಸೂರ್ಯ ಮುಳುಗೋದ್ರೊಳಗೆ ಊಟ ಮುಗಿಸಿ, ಆರಾಮಾಗಿ ಕೂತು ರಾತ್ರಿಯ ವಾರ್ತೆ ಕೇಳುವ. ನಾನು ಇವತ್ತು ಇಲ್ಲೇ ಉಳೀತೇನೆ."