ಮಾಲಕರಿಗೆ ಮಗ ಸಿಕ್ಕ ಮೇಲೆ

ಬೆಳಗಾವಿಯ ಒಬ್ಬ ಫೌಂಡ್ರಿ ಮಾಲಕರ ಕಾರು ಓಡಿಸುತ್ತ ನಾನು ಇಪ್ಪತ್ತೆರಡು ವರ್ಷ ಕಳೆದೆ. ನಗು ಬರುವ ಸಂಗತಿಗಳು ಆ ಮನೆಯಲ್ಲಿ ಮೊದಲೂ ಆಗುತ್ತಿದ್ದವು. ಮಗ ಸಿಕ್ಕ ಮೇಲೆ ವಾರಕ್ಕೊಂದು ಆಗತೊಡಗಿದವು. ನಾನು ನಕ್ಕದ್ದು ಕನ್ನಡಿಯಲ್ಲಿ ಕಾಣಬಾರದೆಂದು ಎಷ್ಟು ಸಲ ಕೆಮ್ಮಿದ್ದೇನೋ ಲೆಕ್ಕವಿಲ್ಲ.

ಮಾಲಕರಿಗೆ ಇದ್ದವನು ಒಬ್ಬನೇ ಮಗ. ನಾಲ್ಕು ವರ್ಷದವನಿದ್ದಾಗ ಲೋಂಡಾ ಸ್ಟೇಷನ್ನಿನಲ್ಲಿ ಕಳೆದುಹೋದ. ಚಹಾ ತರಲು ಅಪ್ಪ ರೈಲಿನಿಂದ ಇಳಿದಾಗ ಮಗನೂ ಹಿಂದೆಯೇ ಇಳಿದಿದ್ದ. ಅಪ್ಪ ಹತ್ತಿದರು, ಮಗ ಉಳಿದ. ಖಾನಾಪುರದಲ್ಲಿ ಮನೆಗಳಿಗೆ ಹಂಚು ಹೊದಿಸುತ್ತಿದ್ದ, ಮಕ್ಕಳಿಲ್ಲದ ಒಬ್ಬಾತ ಅವನನ್ನು ಕರೆದೊಯ್ದು, ಯಾರಿಗೂ ಹೇಳದೆ, ತನ್ನವನೆಂದೇ ಸಾಕಿದ. ಮೂವತ್ತೈದು ವರ್ಷದ ಮೇಲೆ ಸಾಕುತಾಯಿ ಸಾಯುವಾಗ ಬಾಯಿ ಬಿಟ್ಟಳು. ನನ್ನ ತಂಗಿಯನ್ನು ಅದೇ ಓಣಿಗೆ ಕೊಟ್ಟಿದ್ದೇವೆ. ಹಾಗೆ ನನಗೆ ಸುದ್ದಿ ಬಂತು, ನಾನು ಮಾಲಕರಿಗೆ ಹೇಳಿದೆ. ಅವರು ಚಪ್ಪಲಿ ಮರೆತು ಬರಿಗಾಲಲ್ಲೇ ಕಾರು ಹತ್ತಿದರು.

೧. ಸೋಮವಾರ

ನಾವು ಹೋದಾಗ ಮಗ ಟೆಂಪೋಗೆ ಹಂಚು ಏರಿಸುತ್ತಿದ್ದ. ಸಾಕಿದವರ ಕೆಲಸವೇ ಅವನ ಕೆಲಸವೂ ಆಗಿತ್ತು.

"ಎಷ್ಟ ಹಂಚ ಬೇಕ್ರಿ?" ಅಂದ.

"ಹಂಚ ಬ್ಯಾಡ. ನೀ ಬೇಕು," ಅಂದರು ಮಾಲಕರು.

"ನಾ ಈ ವಾರ ಖಾಲಿ ಇಲ್ರಿ. ಮಳಿ ಬರೂದ್ರಾಗ ಜಾಂಬೋಟಿದಾಗ ನಾಕ ಮನಿ ಮುಗಸಬೇಕು."

ಮಾಲಕರು ಒಂದು ಹೆಜ್ಜೆ ಮುಂದೆ ಬಂದರು. "ನಾ ನಿಮ್ಮಪ್ಪ ಅದೀನಿ."

ಆತ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಹಂಗಾರ ಸೋಮಾರ ಬರ್ರಿ," ಅಂದು ಟೆಂಪೋ ಹತ್ತಿದ.

ಮಾಲಕರು ಸೋಮವಾರದ ತನಕ ಕಾಯುವವರಲ್ಲ. ದಿನಾ ಜಾಂಬೋಟಿಗೆ ಹೋದೆವು. ಅವನು ಮೇಲೆ ಹಂಚು ಹೊದಿಸುತ್ತಿದ್ದರೆ ಇವರು ಕೆಳಗೆ ಕಲ್ಲಿನ ಮೇಲೆ ಕೂತು ಅವನನ್ನೇ ನೋಡುತ್ತಿದ್ದರು. ಸೋಮವಾರ ಅವನೇ ಕೈ ತೊಳೆದುಕೊಂಡು ಕಾರಿನ ಹತ್ತಿರ ಬಂದ.

"ಈಗ ಹೇಳ್ರಿ ಸಾವ್ಕಾರ್ರ, ಏನ ಕೆಲಸ ಇತ್ತು?"

೨. ಮೆಲ್ಲಗೆ

ರಕ್ತದ ಪರೀಕ್ಷೆಯೂ ಆಯಿತು, ಅವನೇ ಮಗನೆಂದು ಖಾತ್ರಿಯಾಯಿತು. ಫೌಂಡ್ರಿ ತಮಗೇ ಬರುತ್ತದೆಂದು ಕೂತಿದ್ದ ಮಾಲಕರ ಅಣ್ಣನ ಮಕ್ಕಳಿಬ್ಬರು ಬಂದು, "ಕಾಕಾ, ಇರವಲ್ಲನ್ಯಾಕ ಮನಿಯಾಗ. ಮಂದ್ಯಾಗ ಕರಕೊಂಡ ಹೋಗಬ್ಯಾಡ್ರಿ," ಅಂದರು.

"ಒಮ್ಮೆ ಬಿಟ್ಟ ಬಂದೀನಿ," ಅಂದರು ಮಾಲಕರು. "ಇನ್ನೊಮ್ಮೆ ಬಿಡೂದಿಲ್ಲ."

ಅಂದಿನಿಂದ ಲಗ್ನ, ಸಭೆ, ಊಟ, ಎಲ್ಲಿಗೆ ಹೋದರೂ ಮಗ ಪಕ್ಕದಲ್ಲೇ. ತೊಂದರೆಯೆಂದರೆ ಅವನ ದನಿ. ಹುಡುಗನಿದ್ದಾಗಿನಿಂದ ಛಾವಣಿಯ ಮೇಲಿಂದ ನೆಲದವರ ಜೊತೆ ಮಾತಾಡಿದವನಿಗೆ ಮೆಲುದನಿ ಎಲ್ಲಿಂದ ಬರಬೇಕು? ಒಂದು ಲಗ್ನದಲ್ಲಿ ಊರಿನ ದೊಡ್ಡ ವ್ಯಾಪಾರಿಯೊಬ್ಬರು ಬಂದು ಮುಂದೆ ನಿಂತರು. ಮಾಲಕರು ಮೊದಲೇ ಎಚ್ಚರಿಸಿದ್ದರು, ಏನು ಕೇಳುವುದಿದ್ದರೂ ಕಿವಿಯಲ್ಲಿ ಕೇಳು ಅಂತ. ಮಗ ಬಹಳ ವಿನಯದಿಂದ ಬಗ್ಗಿ, ಬಾಯಿಗೆ ಕೈ ಅಡ್ಡ ಹಿಡಿದು, ಅಪ್ಪನ ಕಿವಿಯಲ್ಲಿ ಕೇಳಿದ:

"ಸಾವ್ಕಾರ್ರ, ಖೊಟ್ಟಿ ಕೂದಲಾ ಹಾಕ್ಕೋತಾರ ಅಂದಿದ್ರಲ್ಲ, ಇವ್ರಽ ಏನ್ರಿ?"

ಸನಾದಿ ಊದುವವನು ಸಹ ನಡುವೆ ನಿಲ್ಲಿಸಿ ಅವರ ತಲೆ ನೋಡಿದ.

೩. ಝೂಮರ

ಟಿಳಕವಾಡಿಯಲ್ಲಿ ಒಬ್ಬ ಡಾಕ್ಟರರ ಹೊಸ ಬಂಗಲೆ. ಊಟಕ್ಕೆ ಕರೆದಿದ್ದರು. ಮಗ ಸೋಫಾದಲ್ಲಿ ಕೂತವನು ಕತ್ತೆತ್ತಿ ಮೇಲೆ, ಗಾಜಿನ ತೂಗುದೀಪವಿದ್ದ ಕಡೆಗೇ ನೋಡುತ್ತಿದ್ದ. ಡಾಕ್ಟರರ ಹೆಂಡತಿಗೆ ಖುಷಿಯಾಯಿತು.

"ಝೂಮರ ನೋಡಾಕತ್ತೀರೇನ್ರಿ? ಪುಣೇದಿಂದ ತರಿಸೇವಿ."

"ಝೂಮರ ಅಲ್ರಿ ಅಕ್ಕಾರ. ಅದರ ಬಾಜೂಕ ಹಸಿ ಹಿಡದೈತಿ. ಜೂನದಾಗ ಇಲ್ಲೆ ಬಕೀಟ ಇಡಬೇಕಾಕ್ಕೈತಿ."

ಅಲ್ಲೇ ಇದ್ದ ಅಣ್ಣನ ಮಕ್ಕಳು ತಲೆ ತಗ್ಗಿಸಿದರು. ಆ ಸ್ಲ್ಯಾಬು ದೊಡ್ಡ ಎಂಜಿನಿಯರರು ನಿಂತು ಹಾಕಿಸಿದ್ದೆಂದು ಡಾಕ್ಟರರು ಸ್ವಲ್ಪ ಬಿಗಿಯಾಗಿಯೇ ಹೇಳಿದರು. ಮಾಲಕರು ಮಾತ್ರ, "ನನ್ನ ಮಗಾ ಅಂದಾನಂದ್ರ ಸೋರತೈತಿ," ಎಂದು ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು.

ಜೂನ್ ಎರಡನೆಯ ವಾರ ಡಾಕ್ಟರರ ಹೆಂಡತಿಯ ಫೋನು ಬಂತು.

"ನಿಮ್ಮ ಮಗನ್ನ ಕೇಳ್ರಿ, ಒಂದ ಬಕೀಟ ಸಾಕೋ, ಎರಡ ಬೇಕೋ."

೪. ಹಳೇ ಮಾಲು

ಫೌಂಡ್ರಿಗೆ ಐವತ್ತು ವರ್ಷ ತುಂಬಿದ ಸಮಾರಂಭ. ಅಂದು ಮುಂದಿನ ಮಾಲಕನೆಂದು ಮಗನ ಹೆಸರು ಘೋಷಿಸುವುದೆಂದು ಮಾಲಕರು ನಿಶ್ಚಯಿಸಿದ್ದರು. ಮಂದಿಯೆಲ್ಲ ಕೂತಾಗ ಮಗನೇ ಇಲ್ಲ. ಹುಡುಕಿದರೆ ಹೊಸ ಕೋಟು ಹಾಕಿಕೊಂಡು ಹಳೇ ಆಫೀಸಿನ ಛಾವಣಿಯ ಮೇಲಿದ್ದ, ಒಡೆದ ಹಂಚು ಬದಲಿಸುತ್ತ. ಅಣ್ಣನ ಮಕ್ಕಳು ಮುಸಿಮುಸಿ ನಕ್ಕರು.

ಮಾಲಕರಿಗೆ ಎಪ್ಪತ್ತನಾಲ್ಕು. ಕೈಯಲ್ಲಿದ್ದ ಮೈಕು ಅಂಗಿಯ ಕಿಸೆಗೆ ಸಿಕ್ಕಿಸಿಕೊಂಡರು. "ನಿಚ್ಚಣಿಕಿ ಗಟ್ಟಿ ಹಿಡಿ," ಎಂದು ನನಗೆ ಹೇಳಿ ಹತ್ತಿಯೇಬಿಟ್ಟರು.

ಮೇಲೆ ನಿಂತು ಹೇಳಿದರು, "ಇಂವಾ ನನ್ನ ಮಗಾ. ಇವತ್ತಿಂದ ಫೌಂಡ್ರಿ ಇವಂದು. ಚಪ್ಪಾಳಿ ಹೊಡಿಯಾವ್ರ ಹೊಡೀರಿ, ಒಲ್ಲದವ್ರ ಊಟಾ ಮಾಡ್ಕೊಂಡ ಹೋಗ್ರಿ."

ಕೆಲಸಗಾರರು ಚಪ್ಪಾಳೆ ಹೊಡೆದರು, ಆಮೇಲೆ ಉಳಿದವರೂ ಹೊಡೆದರು. ಆಗ ಮಾಲಕರು ಮೊದಲ ಸಲ ಕೆಳಗೆ ನೋಡಿದರು. ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು: "ನಂಗ ಇಳಿಯಾಕ ಆಗೂದಿಲ್ಲಪಾ."

ಮಗ ಹಂಚು ಏರಿಸುವ ಹಗ್ಗವನ್ನು ಅವರ ಕಂಕುಳಡಿ ಸುತ್ತಿ, ಎರಡು ಗಂಟು ಬಿಗಿದು, ಬುಟ್ಟಿ ಇಳಿಸಿದ ಹಾಗೆ ನಿಧಾನ ಕೆಳಗೆ ಬಿಡತೊಡಗಿದ. ಅಲ್ಲಿಯತನಕ ಒಂದು ದಿನವೂ ಅವರನ್ನು ಸಾವ್ಕಾರ್ರ ಎನ್ನುವುದು ಬಿಟ್ಟು ಬೇರೆ ಕರೆದವನಲ್ಲ. ಅರ್ಧ ಇಳಿಸಿದಾಗ ನನ್ನ ಕಡೆ ಕೂಗಿದ:

"ಜ್ವಾಕ್ಯಾಗಿ ಹಿಡೀರಿ, ನಮ್ಮಪ್ಪ ಅದಾನ. ಹಳೇ ಮಾಲು, ಒಂದಽ ಐತಿ."

ನೆಲ ಮುಟ್ಟಿದ ಮಾಲಕರು ನನಗೆ ಹಗ್ಗ ಬಿಚ್ಚಲು ಬಿಡಲಿಲ್ಲ.

"ಅವಂಗ ಹೇಳು, ಅದನ್ನ ಇನ್ನೊಮ್ಮೆ ಅನ್ನು ಅಂತ. ಮೈಕ ಚಾಲೂನಽ ಐತಿ."