ಸವಾರರ ತೂಕ

ಮರಳುದಿಬ್ಬಗಳಲ್ಲಿ ದಾರಿ ತಪ್ಪಿದವರನ್ನು ಹುಡುಕಿ ನೀರು ಕುಡಿಸುವ ಕಚೇರಿಗೆ ನಾಲ್ಕು ಚಕ್ರದ ಒಂದು ಕ್ರೀಡಾ ಬೈಕು ಇತ್ತೆಂಬುದು ದಾಖಲಾದ ಸಂಗತಿ. ಕಚೇರಿ ಕೇಳಿದ್ದು ಸಾಮಾನು ಹೊರುವ ಬೈಕು. ಆದರೆ ಆ ವರ್ಷ ‘ಕ್ರೀಡೆ’ ಎಂಬ ಶೀರ್ಷಿಕೆಯಲ್ಲಿ ಮಾತ್ರ ಅನುದಾನ ಉಳಿದಿದ್ದರಿಂದ, ಪಂದ್ಯಕ್ಕೆ ಹೋಗುವಂಥ ಕೆಂಪು ಬೈಕು ಬಂದಿಳಿಯಿತು. ಅದರಲ್ಲಿ ಒಬ್ಬರಿಗೆ ಮಾತ್ರ ಜಾಗ. ಆದಕಾರಣ ಅದಕ್ಕೆ ನಾಲ್ವರು ಸವಾರರನ್ನು ನೇಮಿಸಲಾಗಿತ್ತು: ಅಧೀಕ್ಷಕರು, ಹಿರಿಯ ಗುಮಾಸ್ತರು, ಉಗ್ರಾಣದ ಮೇಲ್ವಿಚಾರಕರು ಮತ್ತು ಗುಬ್ಬಿ. ಮೊದಲ ಮೂವರು ಸವಾರಿ ಭತ್ಯೆ ಪಡೆಯುತ್ತಿದ್ದರು. ಗುಬ್ಬಿ ಬೈಕು ಓಡಿಸುತ್ತಿದ್ದಳು.

ಐವತ್ತೊಂದು ಕಿಲೋ ತೂಗುವ, ಜೋರು ಗಾಳಿ ಬಂದರೆ ಕಂಬ ಹಿಡಿದುಕೊಳ್ಳುವ ಹೆಣ್ಣುಮಗಳಿಗೆ ಗುಬ್ಬಿ ಎಂಬ ಹೆಸರು ತಾನಾಗಿಯೇ ಅಂಟಿತ್ತು. ಮೂರು ವರ್ಷದ ಓಟಕ್ಕೆ ಬೈಕಿನ ಶಾಕ್ ಅಬ್ಸಾರ್ಬರ್‌ಗಳ ಎಣ್ಣೆಯೆಲ್ಲ ಸೋರಿಹೋಗಿ, ಪ್ರತಿ ದಿಬ್ಬದ ಪೆಟ್ಟೂ ನೇರವಾಗಿ ಅವಳ ಬೆನ್ನಿಗೇ ಬಂದು ತಲುಪುತ್ತಿತ್ತು.

“ಒಂದು ಮೂಳೆನೂ ಅದರ ಜಾಗದಲ್ಲಿ ಇಲ್ವಲ್ಲೇ,” ಎಂದು ಅಮ್ಮ ಬಿಸಿಬಟ್ಟೆ ಒತ್ತುತ್ತ ಗೊಣಗಿದಳು. “ಹೊಸದು ಹಾಕಿಸ್ಕೊಡಿ ಅಂತ ಬಾಯಿಬಿಟ್ಟು ಕೇಳೋಕೇನು ಧಾಡಿ?”

ಗುಬ್ಬಿ ಪೇಟೆಯ ಬಿಡಿಭಾಗದ ಅಂಗಡಿಗೆ ಹೋದಳು. ಅಂಗಡಿಯವನನ್ನು ಊರೆಲ್ಲ ಕರೆಯುವುದು ಸ್ಪ್ರಿಂಗಣ್ಣ ಎಂದು.

“ಬೈಕಿನ ಜೊತೆ ಬಂದ ಶಾಕ್ ಎಲ್ಲರಿಗೂ ಆಗ್ಲಿ ಅಂತ ಮಾಡಿರೋದು. ಅದಕ್ಕೇ ಯಾರಿಗೂ ಸರಿಹೋಗಲ್ಲ,” ಎಂದನವನು. “ನಾನು ಕೊಡೋದು ಅಳತೆ ಕೊಟ್ಟು ಹೊಲಿಸಿದ ಅಂಗಿ ಇದ್ದ ಹಾಗೆ. ತೂಕ ಎಷ್ಟು, ನೆಲ ಎಂಥದ್ದು, ಹೇಗೆ ಓಡಿಸ್ತೀಯ, ಇಷ್ಟು ಬರ್ಕೊಡು ತಂಗಿ. ಮುಂದೆ ಎರಡು, ಹಿಂದೆ ಒಂದು, ಒಟ್ಟು ಮೂರು ಶಾಕ್. ವಾರದಲ್ಲಿ ಹಾಕ್ಕೊಡ್ತೀನಿ.”

ಅವನು ಚಾಚಿದ ಅಚ್ಚಿನ ನಮೂನೆಯಲ್ಲಿ ಗುಬ್ಬಿ ಅಲ್ಲೇ ನಿಂತು ಬರೆದಳು: ಐವತ್ತೊಂದು ಕಿಲೋ. ಸಡಿಲ ಮರಳು. ಜೋರು.

ನಮೂನೆ ಮಂಜೂರಾತಿಗೆಂದು ಕಚೇರಿಗೆ ಬಂದಕೂಡಲೇ, ಅಂದರೆ ಎರಡೂವರೆ ತಿಂಗಳಲ್ಲಿ, ಶಾಕ್ ಆಯ್ಕೆ ಸಮಿತಿ ರಚನೆಯಾಯಿತು. ಉಳಿದ ಮೂವರು ಸವಾರರೇ ಅದರ ಸದಸ್ಯರು. ಹನ್ನೊಂದು ಸಭೆಗಳಾದ ಮೇಲೆ ಗುಬ್ಬಿಯನ್ನು ಒಳಗೆ ಕರೆದರು.

“ಸಡಿಲ ಮರಳು ಅಂತ ಬರೆದಿದ್ದೀಯ. ತಪ್ಪು,” ಎಂದರು ಹಿರಿಯ ಗುಮಾಸ್ತರು. “ನೆಲ ಎಂಥದ್ದು ಅಂದ್ರೆ, ಸರ್ಕಾರಿ.” ‘ಹೇಗೆ ಓಡಿಸುತ್ತೀರಿ’ ಎಂಬುದರ ಮುಂದೆ ‘ವಿನಯಪೂರ್ವಕವಾಗಿ’ ಎಂದು ಆಗಲೇ ತಿದ್ದಿಯಾಗಿತ್ತು.

ಅಧೀಕ್ಷಕರು ಕನ್ನಡಕ ಏರಿಸಿದರು. “ಇಲ್ಲಿ ‘ಸವಾರರ ತೂಕ’ ಅಂತಿದೆ. ಬಹುವಚನ. ನೀನು ನಿನ್ನೊಬ್ಬಳದೇ ಬರೆದುಬಿಟ್ಟಿದ್ದೀಯಲ್ಲಮ್ಮ?”

“ಅದು ಬಹುವಚನ ಅಲ್ಲ ಸಾರ್. ಗೌರವಕ್ಕೆ ಹಾಗೆ ಹಾಕಿರ್ತಾರೆ.”

“ಗೌರವನಾ? ನಿನಗ್ಯಾಕೆ ಕೊಡ್ತಾರೆ?”

ಉಗ್ರಾಣದ ತಕ್ಕಡಿಯಲ್ಲಿ ಸಮಿತಿ ತನ್ನನ್ನು ತಾನು ತೂಗಿಕೊಂಡಿತು. ಅಧೀಕ್ಷಕರು ತೊಂಬತ್ತಾರು, ಗುಮಾಸ್ತರು ಎಂಬತ್ತೆಂಟು, ಮೇಲ್ವಿಚಾರಕರು ಎಪ್ಪತ್ತೊಂಬತ್ತು. ಗುಬ್ಬಿಯೂ ಸೇರಿ ಸವಾರರ ಒಟ್ಟು ತೂಕ ಮುನ್ನೂರ ಹದಿನಾಲ್ಕು ಕಿಲೋ ಎಂದು ಠರಾವಾಯಿತು. ಚಕ್ರ ನಾಲ್ಕಿರುವಾಗ ಶಾಕ್ ಮೂರೇ ಇರುವುದು ಅನುಮಾನಾಸ್ಪದವೆಂದು ನಾಲ್ಕನ್ನು ತರಿಸಲಾಯಿತು. ಜಾಗ ಸಿಗದ ನಾಲ್ಕನೆಯದನ್ನು ಅಧೀಕ್ಷಕರ ಕುರ್ಚಿಯಡಿ ಕೂರಿಸಿದರು. ಅಂದಿನಿಂದ ಅವರು ಎಲ್ಲರಿಗಿಂತ ಒಂದು ಗೇಣು ಮೇಲಿದ್ದು ಆಡಳಿತ ನಡೆಸಿದರು.

“ತಂಗಿ, ಇದು ಶಾಕ್ ಅಲ್ಲ, ಒನಕೆ,” ಎಂದು ಸ್ಪ್ರಿಂಗಣ್ಣ ಜೋಡಿಸುವಾಗಲೇ ಹೇಳಿದ್ದ. “ನಿನ್ನ ತೂಕಕ್ಕೆ ಕೂದಲೆಳೆಯಷ್ಟೂ ಕುಗ್ಗಲ್ಲ. ಹುಷಾರು.”

ಮರುದಿನವೇ ಒಬ್ಬ ಛಾಯಾಗ್ರಾಹಕ ದಿಬ್ಬಗಳಲ್ಲಿ ಕಳೆದುಹೋದನೆಂಬ ಸುದ್ದಿ ಬಂತು. ಬಿಸಿಲು ಏರುತ್ತಿತ್ತು. ಗುಬ್ಬಿ ನೀರಿನ ಡಬ್ಬ ಕಟ್ಟಿಕೊಂಡು ಹೊರಟಳು. ಮೂರನೆಯ ದಿಬ್ಬದ ನೆತ್ತಿಯಲ್ಲಿ ಬೈಕು ಕಲ್ಲಿಗೆ ಬಡಿದ ಚೆಂಡಿನಂತೆ ಪುಟಿಯಿತು. ಗುಬ್ಬಿ ಒಂದು ಕಡೆ ಹಾರಿದಳು. ಬೈಕು ಇನ್ನೊಂದು ಕಡೆ ಇಳಿಜಾರಿನಲ್ಲಿ ಉರುಳಿಕೊಂಡು ಹೋಗಿ, ತಾನೊಂದೇ ಛಾಯಾಗ್ರಾಹಕನನ್ನು ಪತ್ತೆಹಚ್ಚಿತು. ಅವನು ಚಕ್ರದ ಗುರುತು ಹಿಡಿದು ಮೇಲೆ ಹತ್ತಿಬಂದು, ಮಲಗಿದ್ದ ಗುಬ್ಬಿಗೆ ನೀರು ಕುಡಿಸಿದ.

“ನನ್ನನ್ನ ಹುಡುಕ್ಕೊಂಡು ಬಂದೋರು ನೀವೇನಾ?” ಎಂದು ಕೇಳಿದ.

“ಹೌದು,” ಎಂದಳು ಗುಬ್ಬಿ. ಬೆನ್ನಿಗಿಂತ ಹೆಚ್ಚಾಗಿ ಮಾನ ನೋಯುತ್ತಿತ್ತು.

‘ಒಬ್ಬರ ಜೀವ ಉಳಿಸಲಾಗಿದೆ’ ಎಂದು ಕಚೇರಿ ವರದಿ ಕಳಿಸಿತು. ಯಾರದೆಂದು ಕೇಳುವ ಕಲಂ ನಮೂನೆಯಲ್ಲಿರಲಿಲ್ಲ.

ಗುಬ್ಬಿ ಕುಂಟುತ್ತ ಬಂದು, ಶಾಕ್ ಬದಲಿಸಿಕೊಡಬೇಕೆಂದು ಅರ್ಜಿ ಕೊಟ್ಟಳು. ಸಮಿತಿ ತುರ್ತಾಗಿ ಸೇರಿತು. ಶಾಕ್‌ಗಳು ಠರಾವಿಗೆ ತಕ್ಕಂತೆಯೇ ಇವೆ, ಸವಾರಳಲ್ಲಿ ಇನ್ನೂರ ಅರವತ್ತಮೂರು ಕಿಲೋ ಕೊರತೆ ಕಂಡುಬಂದಿದೆ ಎಂದು ತೀರ್ಮಾನಿಸಿತು.

“ಹಾಗಿದ್ರೆ ನೀವೂ ಬಂದು ಕೂತ್ಕೊಳ್ಳಿ ಸಾರ್,” ಎಂದಳು ಗುಬ್ಬಿ. ಅವಳಿಗೆ ನಿಜಕ್ಕೂ ಸಿಟ್ಟು ಬಂದಿತ್ತು.

ಮೂವರೂ ಮುಖಮುಖ ನೋಡಿಕೊಂಡರು. ಆಮೇಲೆ ಮೇಲ್ವಿಚಾರಕರು ಉಗ್ರಾಣದಿಂದ ಮೂರು ಗೋಣಿಚೀಲ ತಂದರು. ಮರಳಿಗೇನೂ ಬರವಿರಲಿಲ್ಲ. ತೊಂಬತ್ತಾರು, ಎಂಬತ್ತೆಂಟು, ಎಪ್ಪತ್ತೊಂಬತ್ತು ಕಿಲೋ ತುಂಬಿ, ಮೇಲೆ ಆಯಾ ಹುದ್ದೆ ಬರೆದು, ಹಿರಿತನದ ಪ್ರಕಾರ ಬೈಕಿಗೆ ಬಿಗಿದರು.

ಹೇಳಲೇಬೇಕಾದ ಮಾತೆಂದರೆ, ಬೈಕು ಅಂದಿನಿಂದ ತೊಟ್ಟಿಲಿನಂತೆ ಓಡಿತು. ಗುಬ್ಬಿಯ ಬೆನ್ನು ನೋವು ಹದಿನೈದು ದಿನದಲ್ಲಿ ಮಾಯ. “ನೋಡು, ಕೇಳಿದ್ದಕ್ಕೆ ಮಾಡ್ಕೊಟ್ರು,” ಎಂದು ಅಮ್ಮ ಬೀಗಿದಳು. ಬೈಕಿನ ವೇಗ ಮಾತ್ರ ನಡಿಗೆಗಿಂತ ತುಸು ಕಡಿಮೆಯಾಯಿತು. ಕಚೇರಿ ಅದಕ್ಕೂ ಪ್ರಕಟಣೆ ಹೊರಡಿಸಿತು:

‘ದಾರಿ ತಪ್ಪಿದವರು ತಪ್ಪಿದಲ್ಲಿಯೇ ಕುಳಿತು ಸಮಯ ವ್ಯರ್ಥ ಮಾಡದೆ, ಕಚೇರಿಯ ದಿಕ್ಕಿಗೆ ನಡೆದುಬಂದು ಸಿಬ್ಬಂದಿಯೊಂದಿಗೆ ಸಹಕರಿಸತಕ್ಕದ್ದು.’

ಜನ ಸಹಕರಿಸಿದರು. ಚೀಲಗಳು ದಿನವೂ ಕರ್ತವ್ಯದ ಮೇಲೆ ಹೋಗುತ್ತಿದ್ದುದರಿಂದ ಹಾಜರಿ ಪುಸ್ತಕದಲ್ಲಿ ಅವುಗಳ ಮುಂದೆ ಗುರುತು ಬಿತ್ತು. ಚೀಲ ಹಾಜರಿರುವಾಗ ತಾವೂ ಬಂದರೆ ಒಂದೇ ಹುದ್ದೆಗೆ ಇಬ್ಬರು ಹಾಜರಾದಂತಾಗುತ್ತದೆಂದು ಮೂವರೂ ಮನೆಯಲ್ಲೇ ಉಳಿದರು. ಕಚೇರಿ ಎಂದೂ ಅಷ್ಟು ಚೆನ್ನಾಗಿ ನಡೆದಿರಲಿಲ್ಲ.

ಒಂದು ಬೆಳಿಗ್ಗೆ ಕೇಂದ್ರ ಕಚೇರಿಯಿಂದ ತಪಾಸಣೆ ಅಧಿಕಾರಿ ಬಂದರು. ಖಾಲಿ ಕೋಣೆಗಳನ್ನು ನೋಡಿ ಹೊರಗೆ ಬಂದು, “ಅಧೀಕ್ಷಕರೆಲ್ಲಮ್ಮ?” ಎಂದರು.

ಗುಬ್ಬಿ ಬೈಕಿನ ಕಡೆ ಕೈ ತೋರಿಸಿದಳು. ಇನ್ನು ತನ್ನ ಕೆಲಸ ಹೋಯಿತೆಂದೇ ಅವಳು ಅಂದುಕೊಂಡಳು.

ಅಧಿಕಾರಿ ಚೀಲದ ಮೇಲಿನ ಅಕ್ಷರ ಓದಿದರು. ಹಾಜರಿ ಪುಸ್ತಕ ತಿರುವಿಹಾಕಿದರು. ಒಂದು ದಿನದ ರಜೆಯೂ ಇಲ್ಲ. ‘ಮಿತಭಾಷಿ, ದೂರುಗಳಿಲ್ಲ’ ಎಂದು ಬರೆದುಕೊಂಡು, ಸುತ್ತಲೂ ನೋಡಿ, ದನಿ ತಗ್ಗಿಸಿದರು.

“ನನಗೂ ವಾರಕ್ಕೆ ಆರು ದಿನ ಊರೂರು ಸುತ್ತಿ ಸಾಕಾಗಿದೆ ಕಣಮ್ಮ. ನನ್ನ ತೂಕ ಎಪ್ಪತ್ತೆರಡು.”

ಗುಬ್ಬಿ ಅವರನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದಳು.

“ಊಟಕ್ಕೆ ಮುಂಚೆಯೋ ಆದಮೇಲೋ ಸಾರ್?” ಎಂದು ಕೇಳಿ, ಸಲಿಕೆ ತರಲು ಹೋದಳು.