ಪಡಸಾಲೆಯ ಆಚೆಗಿನ ಪುಣೆ

ಅನಿತಳ ಗಂಡ ಅಮರನಾಥನಿಗೆ ಒಂದು ಕೆಟ್ಟ ಗುಣವಿತ್ತು. ಕುಡಿತವಲ್ಲ, ಇಸ್ಪೀಟಲ್ಲ, ಅವಾದರೆ ಅತ್ತು ಕರೆದು ಬಿಡಿಸಬಹುದು. ಇವನದು ಬಿಡಿಸಲಾಗದ ಚಟ: "ನೀನು ಹೆಂಗೆ ಹೇಳ್ತೀಯೋ ಹಂಗೆ ಕಣೇ" ಎನ್ನುವುದು. ಸೀರೆ ಅಂಗಡಿಯಲ್ಲಿ ಈ ಮಾತು ಕಿವಿಗೆ ಇಂಪು. ಆದರೆ ಮಾಲೂರಿನ ಕಾರ್ಖಾನೆಯವರು, "ನಿನ್ನನ್ನು ಸೂಪರ್‌ವೈಸರ್ ಮಾಡಿ ಪುಣೆಯ ಹೊಸ ಘಟಕಕ್ಕೆ ಕಳಿಸುತ್ತೇವೆ, ಒಂದನೇ ತಾರೀಕಿಗೆ ಅಲ್ಲಿರಬೇಕು, ಒಪ್ಪಿಗೆಯೋ ಇಲ್ಲವೋ ಈ ಶನಿವಾರ ಬರೆದುಕೊಡು" ಎಂದಾಗಲೂ ಆ ಮಹಾನುಭಾವ ಫಾರಂ ತಂದು ಹೆಂಡತಿಯ ಕೈಗಿಟ್ಟು, ಅದೇ ಮಾತಾಡಿ, ಲುಂಗಿ ಸುತ್ತಿಕೊಂಡು ಕ್ರಿಕೆಟ್ ನೋಡಲು ಕೂತುಬಿಟ್ಟರೆ?

ನಾಳೆ ಪುಣೆಯಲ್ಲಿ ಮಗಳಿಗೆ ಕೆಮ್ಮು ಬಂದರೆ ತಪ್ಪು ಅನಿತಳದು. ಈಗಿರುವ ಹಳ್ಳಿ ಲಕ್ಕೂರಿನಲ್ಲೇ ಉಳಿದು ಅವಳು ಇಂಗ್ಲಿಷಿನಲ್ಲಿ ಹಿಂದೆ ಬಿದ್ದರೂ ತಪ್ಪು ಅನಿತಳದು. ಅಮರನಾಥ ಮಾತ್ರ ಎರಡು ಊರಲ್ಲೂ ನಿರಪರಾಧಿ.

ಅನಿತ ಬೆಂಗಳೂರಿನ ಕೆ.ಆರ್. ಪುರದಲ್ಲಿ ಓದಿ ಬೆಳೆದವಳು. ಅಲ್ಲಿ ಕಲಿತ ವಿದ್ಯೆಗಳಲ್ಲಿ ಮರೆಯದೆ ಉಳಿದದ್ದು ಒಂದೇ, ಚಿಂತೆ ಮಾಡುವುದು. ನಾಲ್ಕು ವರ್ಷದ ಮಗಳು ರಾಧಾ ಒಮ್ಮೆ ಸೀನಿದರೆ ಮೊಬೈಲಿನಲ್ಲಿ ಹುಡುಕಿ ಹನ್ನೊಂದು ಕಾಯಿಲೆ ಪತ್ತೆಮಾಡುತ್ತಿದ್ದಳು. ಮಗು ಹುಟ್ಟಿದ ವಾರವೇ ಕೋಣೆಯ ಶಾಖವನ್ನೂ ತೇವವನ್ನೂ ತೋರಿಸುವ ಮೀಟರು ತರಿಸಿ ಗೋಡೆಗೆ ನೇತುಹಾಕಿದ್ದಳು. (ಲಕ್ಕೂರಿನ ಜನ ಅದನ್ನು ನಿಂತುಹೋದ ಗಡಿಯಾರ ಎಂದುಕೊಂಡು, ಪಾಪ, ಸೆಲ್ ಹಾಕಿಸಿ ಎಂದು ಸಲಹೆ ಕೊಟ್ಟು ಹೋಗುತ್ತಿದ್ದರು.)

ಇಂಥವಳು ಸುಮ್ಮನೆ ತೀರ್ಮಾನ ಮಾಡಿಯಾಳೆ? ನೋಟ್‌ಬುಕ್ಕಿನ ನಡುವೆ ಗೆರೆ ಎಳೆದು, ಒಂದು ಕಡೆ 'ಹೋಗಬೇಕು', ಇನ್ನೊಂದು ಕಡೆ 'ಹೋಗಬಾರದು' ಎಂದು ಕಾರಣಗಳನ್ನು ಬರೆದಳು. ಎರಡೂ ಕಡೆ ನಲವತ್ತೊಂದು ನಲವತ್ತೊಂದು ಬಂದು ಪಂದ್ಯ ಸಮವಾಯಿತು. ಮತ್ತೆ ನೋಡಿದರೆ 'ಅಲ್ಲಿ ಅತ್ತೆ ಇರುವುದಿಲ್ಲ' ಎಂಬ ಕಾರಣವನ್ನು ಎರಡೂ ಕಡೆ ಬರೆದಿದ್ದಳು. ಯಾವ ಕಡೆಯದನ್ನು ಹೊಡೆದುಹಾಕಬೇಕೆಂದು ಅರ್ಧ ದಿನ ಯೋಚಿಸಿ ಎರಡನ್ನೂ ಹಾಗೇ ಬಿಟ್ಟಳು.

ಭಾನುವಾರ ಮೊಬೈಲಿನಲ್ಲಿ ಯಾರೋ ಒಬ್ಬಾಕೆ ದಾರಿ ತೋರಿಸಿದಳು: 'ಹೊಸ ಊರಿಗೆ ಹೋಗುವ ಮುನ್ನ ಒಂದು ವಾರ ಅಲ್ಲಿ ಬದುಕಿ ನೋಡಿ.' ಪುಣೆಗೆ ಹೋಗಿ ಒಂದು ವಾರ ಇರುವುದು ಆಗದ ಮಾತು. ಆದರೆ ಪುಣೆಯೇ ಲಕ್ಕೂರಿಗೆ ಬಂದರೆ?

ಅಮರನಾಥನ ಮನೆಯಲ್ಲಿ ಪಡಸಾಲೆ ದಾಟಿದರೆ ಎರಡು ಕೋಣೆಗಳಿದ್ದವು. ಒಂದು ಕಾಲಕ್ಕೆ ಅದು ರೇಷ್ಮೆ ಹುಳು ಸಾಕುವ ಮನೆ. ಬೆಂಗಳೂರಿನ ಹುಡುಗಿ ಸೊಸೆಯಾಗಿ ಬರುತ್ತಾಳೆಂದು ಮಾವ ಅಶ್ವತ್ಥಪ್ಪ ಹುಳುಗಳನ್ನು ಖಾಲಿ ಮಾಡಿಸಿ, ನಡುವೆ ಗೋಡೆ ಎತ್ತಿ, ಗುಲಾಬಿ ಬಣ್ಣ ಹೊಡೆಸಿದ್ದರು. ಅಂದಿನಿಂದ ತೋಟದ ಹಿಪ್ಪುನೇರಳೆ ಸೊಪ್ಪನ್ನು ಬೇರೆಯವರ ಹುಳುಗಳಿಗೆ ಮಾರುತ್ತಾ, ಸಾಗಿಸುವಾಗೆಲ್ಲ ನಿಟ್ಟುಸಿರು ಬಿಡುತ್ತಾ ಇದ್ದರು.

"ಅತ್ತೆ, ನಾಳೆಯಿಂದ ಆ ಎರಡು ಕೋಣೆ ಪುಣೆ" ಎಂದಳು ಅನಿತ.

ಅತ್ತೆ ಭಾರತಮ್ಮ ರಾಗಿ ಕೇರುತ್ತಿದ್ದ ಮೊರವನ್ನು ನಿಲ್ಲಿಸಿದರು. "ಏನಂದೆ?"

"ಪುಣೆ. ನಾವು ಮೂವರೇ ಅಲ್ಲಿ ಇರ್ತೀವಿ. ಅಡುಗೆ ಬೇರೆ, ಹಾಲು ಪ್ಯಾಕೆಟ್ಟು. ನೀವು ಯಾರೂ ಬರೋ ಹಾಗಿಲ್ಲ. ಮಾತಾಡ್ಬೇಕು ಅಂದ್ರೆ ಫೋನ್ ಮಾಡಿ."

"ಪಕ್ಕದ ರೂಮಿಗಾ?"

"ಪುಣೆಗೆ, ಅತ್ತೆ."

"ಬಚ್ಚಲುಮನೆ?"

ಅನಿತ ಇದನ್ನು ಯೋಚಿಸಿರಲಿಲ್ಲ. ಬಚ್ಚಲುಮನೆ ಹಿತ್ತಲಲ್ಲಿ, ಎರಡು ರಾಜ್ಯಗಳ ಸರಹದ್ದಿನಲ್ಲಿತ್ತು. ದೀರ್ಘ ಮಾತುಕತೆಯ ಬಳಿಕ ಆರರಿಂದ ಏಳು ಮಹಾರಾಷ್ಟ್ರಕ್ಕೆ, ಏಳರ ಮೇಲೆ ಕರ್ನಾಟಕಕ್ಕೆ ಎಂದು ಒಪ್ಪಂದವಾಯಿತು.

ಅಂದೇ ಅನಿತ ಪುಣೆಯನ್ನು ಕಟ್ಟಿದಳು. ಕಿಟಕಿಗಳಿಗೆ ಸಣ್ಣ ಕಣ್ಣಿನ ಜಾಲರಿ ಹೊಡೆಸಿದಳು. ಬಾಗಿಲಲ್ಲಿ ಕಾಲು ತೊಳೆಯಲು ಬಕೆಟ್ಟು ಇಟ್ಟಳು. ಸೊಳ್ಳೆಬತ್ತಿ, ಊದುಬತ್ತಿ ಎರಡನ್ನೂ ರಾಧಾಳ ಕೆಮ್ಮಿಗಾಗಿ ಗಡೀಪಾರು ಮಾಡಿದಳು. ಕೊನೆಗೆ ಬಿಳಿ ಚಾರ್ಟಿನ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆದು ಬಾಗಿಲಿಗೆ ಅಂಟಿಸಿದಳು:

ಪುಣೆ
ಕೈಕಾಲು ತೊಳೆಯದೆ ಒಳಗೆ ಬರಬಾರದು.
ಫೋನ್ ಮಾಡದೆ ಬರಲೇಬಾರದು.
ಗದ್ದಲ ಮಾಡಬಾರದು.
ಹೊರಗಿನ ತಿಂಡಿ ತಿನ್ನಿಸಬಾರದು.
ಬಾಗಿಲು ತೆರೆದಿಡಬಾರದು.

ಅಶ್ವತ್ಥಪ್ಪ ಬಂದು ಜಾಲರಿಯನ್ನು ಬೆರಳಿನಿಂದ ತಟ್ಟಿ ನೋಡಿದರು. "ಸೊಳ್ಳೆ ಬರಲ್ಲ ಅಲ್ವೇನಮ್ಮಾ?"

"ಒಂದು ನೊಣಾನೂ ಬರಲ್ಲ, ಮಾವ."

"ನೊಣಾನೂ ಬರಲ್ಲ!" ಎಂದು ಹಬ್ಬದ ಹೋಳಿಗೆ ಬಾಯಿಗಿಟ್ಟವರಂತೆ ಆ ಮಾತನ್ನು ಚಪ್ಪರಿಸಿದರು ಅವರು. ಚಾರ್ಟನ್ನು ಎರಡು ಸಲ ಓದಿದರು. "ಚೆನ್ನಾಗಿ ಬರ್ದಿದ್ದೀಯಮ್ಮಾ. ಎಲ್ಲಾ ಬರ್ದಿದ್ದೀಯ."

ಸೋಮವಾರ ಪುಣೆ ಉದ್ಘಾಟನೆಯಾಯಿತು. ಅಮರನಾಥ ಕಾರ್ಖಾನೆಯ ವ್ಯಾನು ಹತ್ತಿದ. ರಾಧಾಳನ್ನು ಶಿಶುವಿಹಾರಕ್ಕೆ ಕರೆದೊಯ್ಯುವ ಕೆಲಸ ಮಾವನದು. ಪುಣೆಯಲ್ಲಿ ಮಾವ ಎಲ್ಲಿಂದ ಬರಬೇಕು? ಹೀಗಾಗಿ ಅವರನ್ನು ಆಟೋದವರನ್ನಾಗಿ ನೇಮಿಸಲಾಯಿತು. ಅಶ್ವತ್ಥಪ್ಪ ತಮ್ಮ ಮೊಪೆಡ್ಡನ್ನು ತಂದು ನಿಲ್ಲಿಸಿ, ಸೊಸೆಯ ಮುಖ ನೋಡದೆ, "ಎಲ್ಲಿಗಮ್ಮಾ?" ಎಂದು ಗಂಭೀರವಾಗಿ ಕೇಳುತ್ತಿದ್ದರು.

ಮಗು ಹೋದ ಮೇಲೆ ಪುಣೆ ಸದ್ದಿಲ್ಲದೆ ಕೂತಿತು. ಅನಿತ ಪಾತ್ರೆ ತೊಳೆದಳು. ಮೀಟರು ನೋಡಿದಳು, ಇಪ್ಪತ್ತೈದು ಡಿಗ್ರಿ. ಒಂದು ಗಂಟೆ ಬಿಟ್ಟು ನೋಡಿದಳು, ಇಪ್ಪತ್ತೈದೇ. ಗೋಡೆಯ ಆಚೆ ಪಕ್ಕದ ಮನೆಯ ಬಚ್ಚಮ್ಮ ಬಂದು ಯಾರದೋ ಸೊಸೆಯ ಕಥೆ ಶುರುಮಾಡಿದ್ದಳು. ಅನಿತ ಗೋಡೆಗೆ ಕಿವಿಯಿಟ್ಟಳು. ಸರಿಯಾಗಿ ಆ ಸೊಸೆ ಬಾವಿಕಟ್ಟೆಯ ಮೇಲೆ ನಿಂತು ಬಾಯಿ ತೆರೆಯುವ ಹೊತ್ತಿಗೆ ಬಚ್ಚಮ್ಮ ದನಿ ತಗ್ಗಿಸಿಬಿಟ್ಟಳು. ಸೊಸೆ ಏನಂದಳೆಂದು ಪುಣೆಗೆ ತಿಳಿಯಲೇ ಇಲ್ಲ.

ಸಂಜೆ ಏಳಕ್ಕೆ ಭಾರತಮ್ಮನ ಫೋನು. ಅವರ ದನಿ ಮೊದಲು ಗೋಡೆಯಿಂದ, ಆಮೇಲೆ ಫೋನಿನಿಂದ, ಹೀಗೆ ಎರಡೆರಡು ಸಲ ಬರುತ್ತಿತ್ತು. "ಅನಿತಮ್ಮಾ! ಪುಣೆ ಹೆಂಗೈತಮ್ಮಾ?"

ಬೇಸರ ಎಂದುಬಿಡಬಹುದಿತ್ತು. ಆದರೆ ಮೊದಲ ದಿನವೇ ಸೋಲೊಪ್ಪುವುದೆ? "ತುಂಬಾ ಚೆನ್ನಾಗಿದೆ ಅತ್ತೆ. ಆರಾಮಾಗಿದೀವಿ. ಇಷ್ಟು ಹಾಯಾಗಿರುತ್ತೆ ಅಂದ್ಕೊಂಡಿರ್ಲಿಲ್ಲ."

"ಹಂಗಾ?" ಎಂದರು ಭಾರತಮ್ಮ. ಗೋಡೆಯೂ ಹಂಗಾ ಎಂದಿತು.

ಮಂಗಳವಾರವೂ ಇದೇ ಪ್ರಶ್ನೆ, ಇದೇ ಉತ್ತರ; 'ಇಲ್ಲೇ ಇದ್ಬಿಡೋಣ ಅನ್ಸುತ್ತೆ' ಎಂಬ ಒಗ್ಗರಣೆ ಹೆಚ್ಚು. ಬುಧವಾರ ಮಾವನೇ ಫೋನು ತೆಗೆದುಕೊಂಡರು. "ಒಳಗೆ ಶಾಖ ಎಷ್ಟೈತಮ್ಮಾ?"

"ಇಪ್ಪತ್ತೈದು, ಮಾವ."

"ಬೆಳಗ್ಗೆ?"

"ಇಪ್ಪತ್ನಾಲ್ಕು."

"ಬೋ ಚೆನ್ನಾಗೈತೆ. ಸೊಳ್ಳೆಬತ್ತಿ ಗಿಳ್ಳೆಬತ್ತಿ ಹಚ್ಚಿಲ್ಲ ತಾನೆ?"

"ಇಲ್ಲ ಮಾವ."

"ಹಚ್ಚಬ್ಯಾಡ. ಪಾಪ, ಸಣ್ಣ ಜೀವ."

ಅನಿತಳ ಕಣ್ಣು ಒದ್ದೆಯಾಯಿತು. ಮೊಮ್ಮಗಳ ಮೇಲೆ ಇಷ್ಟು ಅಕ್ಕರೆಯಿರುವ ಅಜ್ಜನನ್ನು ಬಿಟ್ಟು ಹೇಗೆ ಹೋಗುವುದು? ನೋಟ್‌ಬುಕ್ ತೆಗೆದು 'ಹೋಗಬಾರದು' ಕಡೆ ನಲವತ್ತೆರಡನೆಯದಾಗಿ ಬರೆದಳು: 'ಮಾವ ಮಗುವಿನ ಕೋಣೆಯ ಶಾಖ ಕೇಳುತ್ತಾರೆ.'

ವಿಚಿತ್ರವೆಂದರೆ ಉಳಿದಿಬ್ಬರು ಪುಣೆವಾಸಿಗಳು ಬಲು ಲವಲವಿಕೆಯಿಂದಿದ್ದರು. ಅಮರನಾಥ ರಾತ್ರಿಯೂಟಕ್ಕೆ ಅವಳು ಮಾಡಿದ ಚಪಾತಿಯಲ್ಲಿ ಅರ್ಧ ಮುರಿದು, "ಕ್ಯಾಂಟೀನಲ್ಲಿ ಜಾಸ್ತಿ ಆಯ್ತು ಕಣೇ" ಎಂದು ತೇಗುತ್ತಿದ್ದ. (ತೇಗಿನಲ್ಲಿ ಹುರುಳಿ ಸಾರಿನ ವಾಸನೆ. ಕ್ಯಾಂಟೀನಿನವರು ಅದನ್ನು ಯಾವಾಗಿನಿಂದ ಮಾಡತೊಡಗಿದರು ಎಂದು ಅವಳಿಗೆ ಹೊಳೆಯಬೇಕಿತ್ತು.) ರಾಧಾಳಿಗೆ ಸಂಜೆ ಶಿಶುವಿಹಾರ ಬಿಟ್ಟು ಮೂರು ಬೀದಿ ದಾಟಿ ಮನೆ ಸೇರಲು ಎರಡು ಗಂಟೆ ಹಿಡಿಯುತ್ತಿತ್ತು.

"ಯಾಕೇ ಇಷ್ಟು ಹೊತ್ತು?"

"ಟ್ರಾಫಿಕ್ ಅಮ್ಮಾ" ಎನ್ನುತ್ತಿದ್ದಳು ನಾಲ್ಕು ವರ್ಷದ ಮಗಳು.

"ಬಾಯಲ್ಲೇನು, ಬೆಲ್ಲ?"

"ಟ್ರಾಫಿಕ್ಕಲ್ಲಿ ಕೊಟ್ರು."

ಶುಕ್ರವಾರ ಸಂಜೆ ಆ ವಾಸನೆ ಬಂತು.

ಧನುರ್ಮಾಸದಲ್ಲಿ ಈ ಕಡೆಯ ಹೆಂಗಸರು ನೆನೆಸಿದ ಅವರೆಕಾಳಿನ ಸುತ್ತ ಕೂತು, ಒಂದೊಂದನ್ನೇ ಬೆರಳಲ್ಲಿ ಹಿತುಕಿ ಸಿಪ್ಪೆ ಬಿಡಿಸುತ್ತಾರೆ. ಕಾಳು ಪುಟಕ್ಕನೆ ಹಾರುತ್ತದೆ, ಜೊತೆಗೆ ಊರಿನ ಸುದ್ದಿಯೂ. ಒಬ್ಬಳೇ ಕೂತು ಮಾಡುವ ಕೆಲಸವಲ್ಲ ಅದು. ಮಾಡಿದರೆ ಬೇಳೆ ಸಿಕ್ಕೀತು, ಸುದ್ದಿ ಎಲ್ಲಿಂದ ಬರಬೇಕು? ಪುಣೆಯ ಜಾಲರಿ ನೊಣವನ್ನು ತಡೆಯಿತು. ಹಿತಕಿದ ಬೇಳೆ ಸಾರಿನ ಘಮವನ್ನು ತಡೆಯಲಿಲ್ಲ. ಒಲೆಯ ಮೇಲೆ ಅನಿತಳ ಎರಡು ನಿಮಿಷದ ನೂಡಲ್ಸು ಹನ್ನೆರಡನೇ ನಿಮಿಷ ಬೇಯುತ್ತಿತ್ತು. ಗೋಡೆಯ ಆಚೆ ಎಲ್ಲರೂ ಘೊಳ್ಳೆಂದು ನಕ್ಕರು. ಆ ನಗುವಿನಲ್ಲಿ ಒಂದು ಗಂಡು ದನಿ, ಒಂದು ಪುಟ್ಟ ದನಿ. ಎರಡೂ ಪರಿಚಿತ.

ಅನಿತ ಒಲೆ ಆರಿಸಿ ಗಡಿ ದಾಟಿದಳು, ಕಾಲು ಕೂಡ ತೊಳೆಯದೆ.

ಪಡಸಾಲೆಯಲ್ಲಿ ಅತ್ತೆ, ಮಾವ, ಬಚ್ಚಮ್ಮ ಸುತ್ತ ಕೂತಿದ್ದರು. ನಡುವೆ ಅಮರನಾಥ, ಕಾರ್ಖಾನೆಯ ಸಮವಸ್ತ್ರದಲ್ಲೇ, ಮುದ್ದೆ ಮುರಿಯುತ್ತಿದ್ದ. ಅವನ ತೊಡೆಯ ಮೇಲೆ ರಾಧಾ ಕಾಳು ಹಿತುಕಿ ಅಜ್ಜನ ಮೂಗಿಗೆ ಗುರಿಯಿಡುತ್ತಿದ್ದಳು.

"ರೀ! ಇದೇನಾ ನಿಮ್ಮ ಕ್ಯಾಂಟೀನು?"

ಅಮರನಾಥ ತುತ್ತನ್ನು ಗುಳುಂ ಎನಿಸಿದ. "ಇವತ್ತೊಂದಿನಾ ಕಣೇ..."

"ದಿನಾ ಬತ್ತಾರಲ್ಲಾ!" ಎಂದಳು ಬಚ್ಚಮ್ಮ, ಸಹಾಯ ಮಾಡಿದೆನೆಂಬ ಭಾವದಲ್ಲಿ. "ಅಪ್ಪಾ ಮಗಳೂ ದಿನಾ ಈ ಹೊತ್ಗೆ ಇಲ್ಲೇ. ಅಯ್ಯೋ ದೇವುಡಾ, ನಿಂಗೆ ಗೊತ್ತಿಲ್ವಾ?"

ಅಂದರೆ ಇಡೀ ವಾರ ಪುಣೆಯಲ್ಲಿ ವಾಸವಾಗಿದ್ದವಳು ಅನಿತ ಒಬ್ಬಳೇ! ರೇಗಬೇಕೆಂದುಕೊಂಡಳು. ಆದರೆ ಭಾರತಮ್ಮ ಆಗಲೇ ತಟ್ಟೆಯಿಟ್ಟು, ಮುದ್ದೆ ಇಳಿಸಿ, ಸಾರು ಬಡಿಸಿಬಿಟ್ಟಿದ್ದರು. ಮೊದಲ ತುತ್ತಿಗೆ ಸಿಟ್ಟು ಇಳಿಯಿತು, ಎರಡನೆಯದಕ್ಕೆ ತೀರ್ಮಾನ ಹುಟ್ಟಿತು. ವಾರವಿಡೀ ಎಂಬತ್ತಮೂರು ಕಾರಣಗಳಿಗೆ ಸಿಗದಿದ್ದ ಉತ್ತರ ಒಂದು ಬಟ್ಟಲು ಸಾರಿನಲ್ಲಿ ತೇಲುತ್ತಿತ್ತು.

"ನಾವು ಪುಣೆಗೆ ಹೋಗಲ್ಲ" ಎಂದಳು. "ರೀ, ಫಾರಂನಲ್ಲಿ ಇಲ್ಲ ಅಂತ ಬರೀರಿ. ಅತ್ತೆ ಮಾವನ್ನ ಬಿಟ್ಟು ನಾನೆಲ್ಲೂ ಹೋಗಲ್ಲ."

"ನೀನು ಹೆಂಗೆ ಹೇಳ್ತೀಯೋ ಹಂಗೆ ಕಣೇ" ಎಂದ ಅಮರನಾಥ.

ಈಗ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳಬೇಕು, ಮಾವ ತಲೆ ಸವರಿ ಹರಸಬೇಕು. ಅನಿತ ಅದಕ್ಕಾಗಿ ತಲೆಯನ್ನು ಸ್ವಲ್ಪ ಬಗ್ಗಿಸಿಯೂ ಇದ್ದಳು. ಆದರೆ ಯಾರೂ ಕದಲಲಿಲ್ಲ. ಅವರೆಕಾಳು ಹಿತುಕುವ ಬೆರಳುಗಳು ಕೂಡ ನಿಂತವು.

"ಹೋಗಲ್ವಾ?" ಎಂದರು ಅಶ್ವತ್ಥಪ್ಪ, ಕ್ಷೀಣ ದನಿಯಲ್ಲಿ. "ಲೇ ಅಮರಾ, ಹೋಗಲ್ವೇನ್ಲಾ?"

"ಯಾಕೆ ಮಾವ?"

ಮಾವ ಅತ್ತೆಯನ್ನು ನೋಡಿದರು. ಅತ್ತೆ ಬಚ್ಚಮ್ಮನನ್ನು ನೋಡಿದರು. ಬಚ್ಚಮ್ಮ ಸಂತೋಷದಿಂದಲೇ ಹೊಣೆ ಹೊತ್ತಳು: "ಹುಳಕ್ಕೆ ಹೇಳವ್ರಲ್ಲಮ್ಮಾ! ಐವತ್ತು ಮೊಟ್ಟೆದು, ಒಂದೊಂದ್ರಾಗೂ ನೂರಾರು ಹುಳ. ನಿನ್ನ ರೂಮಿಗೆ. ಮೂರನೇ ತಾರೀಕು ಬತ್ತಾವೆ."

"ನನ್ನ ರೂಮಿಗಾ?"

"ನೀನೇ ಅಂದ್ಯಲ್ಲಮ್ಮಾ" ಎಂದರು ಭಾರತಮ್ಮ ಮೆಲ್ಲಗೆ. "ಹಾಯಾಗೈತೆ, ಅಲ್ಲೇ ಇದ್ಬಿಡ್ತೀವಿ ಅಂದೆ. ಸೊಸೆ ಅಷ್ಟು ಖುಷಿಯಾಗವ್ಳೆ, ನಾವ್ಯಾಕೆ ಅಡ್ಡ ಬರಾಣ ಅಂತ ಬುಧವಾರ ಬೆಳಗ್ಗೇನೇ ನಿಮ್ಮಾವ ಹುಳಕ್ಕೆ ಹೇಳ್ಬಿಟ್ರು."

"ಬೇಡಾಂತ ಹೇಳಿ!"

ಅಶ್ವತ್ಥಪ್ಪ ನೊಂದುಕೊಂಡರು. "ಹುಳ ಮಾರೋರು ನಮ್ಮ ಹೆಸರಲ್ಲಿ ಮೊಟ್ಟೆ ಇಟ್ಟವ್ರಮ್ಮಾ. ಇಷ್ಟೊತ್ಗೆ ಒಡೆಯಕ್ಕೆ ರೆಡಿ ಆಗಿರ್ತಾವೆ. ಕಣ್ಣೇ ಬಿಟ್ಟಿಲ್ಲ, ಅವಕ್ಕೆ ಜಾಗ ಇಲ್ಲ, ಬರಬ್ಯಾಡಿ ಅನ್ನಕ್ಕಾಯ್ತದಾ? ಅಂಥಾ ಜಾಗ ಬೇರೆ ಎಲ್ಲೈತೆ? ಜಾಲರಿ ಹೊಡೆಸಿದ್ದೀಯ. ಕಾಲು ತೊಳೆಯಕ್ಕೆ ಬಕೀಟು ಇಟ್ಟಿದ್ದೀಯ. ಇಪ್ಪತ್ತೈದು ಡಿಗ್ರಿ ಕಣಮ್ಮಾ! ಹುಳಕ್ಕೆ ಅಂತ್ಲೇ ಮಾಡ್ದಂಗೈತೆ."

'ಸಣ್ಣ ಜೀವ' ಯಾವುದೆಂದು ಅನಿತಳಿಗೆ ಆಗ ಅರ್ಥವಾಯಿತು.

"ಒಂದು ಬೆಳೆ ಅಷ್ಟೇ" ಎಂದು ಮಾವ ಸಮಾಧಾನ ಹೇಳಿದರು. "ಇಪ್ಪತ್ತೈದು ದಿನ. ಗೂಡು ಕಟ್ಟಿದ ಮೇಲೆ ರೂಮು ನಿಂದೇ."

ಹೀಗೆ ಅನಿತಳ ಸಂಸಾರ ಸ್ಥಳಾಂತರಗೊಂಡಿತು. ಪುಣೆಗಲ್ಲ, ಎಂಟು ಹೆಜ್ಜೆ ಆಚೆಗೆ, ಪಡಸಾಲೆಯ ಮೂಲೆಗೆ. ಒಂದು ಪಕ್ಕ ರಾಗಿ ಮೂಟೆ, ಇನ್ನೊಂದು ಪಕ್ಕ ಟಿ.ವಿ., ನಡುವೆ ಮಂಚ. ಮೂರನೇ ತಾರೀಕು ಬೆಳಗ್ಗೆ ತಟ್ಟೆ ತಟ್ಟೆ ಹುಳುಗಳು ಗುಲಾಬಿ ಬಣ್ಣದ ಕೋಣೆಗೆ ಮೆರವಣಿಗೆಯಲ್ಲಿ ಬಂದವು. ಅಶ್ವತ್ಥಪ್ಪನ ಮುಖದಲ್ಲಿ ಆರು ವರ್ಷದಿಂದ ಕಾಣದಿದ್ದ ಕಳೆ. ಬಾಗಿಲ ಚಾರ್ಟಿನಲ್ಲಿ ಅವರು 'ಪುಣೆ' ಎಂಬುದನ್ನಷ್ಟೇ ಹೊಡೆದು 'ಹುಳದ ಮನೆ' ಎಂದು ತಿದ್ದಿದ್ದರು. ಹುಳಕ್ಕೆ ವಾಸನೆ ಆಗದೆಂದು ಕೆಳಗೆ ಇನ್ನೊಂದು ಸಾಲು ಸೇರಿಸಿದ್ದರು: 'ಪೌಡರ್ ಹಾಕಿದವರು ಬರಬಾರದು.'

ಆ ಮನೆಯಲ್ಲಿ ಪೌಡರ್ ಹಾಕುತ್ತಿದ್ದವಳು ಒಬ್ಬಳೇ.

ಅಂದು ಮಧ್ಯಾಹ್ನ ಅನಿತಳಿಗೆ ಚಿಂತೆ ಹತ್ತಿತು. ನೋಟ್‌ಬುಕ್ಕನ್ನು ಒಳಗಿನ ಗೋಡೆ ಅಲಮಾರಿಯಲ್ಲೇ ಬಿಟ್ಟಿದ್ದಳು. 'ಅಲ್ಲಿ ಅತ್ತೆ ಇರುವುದಿಲ್ಲ' ಎಂಬುದು 'ಹೋಗಬೇಕು' ಕಡೆಯೂ ಇತ್ತಲ್ಲ! ಮಾವನೋ, ಬರೆದದ್ದನ್ನೆಲ್ಲ ಎರಡೆರಡು ಸಲ ಓದುವವರು. ಮುಖ ತೊಳೆದು ಪೌಡರ್ ಅಳಿಸಿ, ಕೈಕಾಲು ತೊಳೆದು, ಸದ್ದು ಮಾಡದೆ ಬಾಗಿಲ ಮೇಲೆ ಕೈಯಿಟ್ಟಳು.

"ಯಾರದು?" ಒಳಗಿನಿಂದ ಮಾವನ ದನಿ.

"ನಾನು ಮಾವ. ಒಂದು ಪುಸ್ತಕ ಬೇಕಿತ್ತು."

"ಫೋನ್ ಮಾಡಿದ್ಯೇನಮ್ಮಾ?"

ಅನಿತ ಚಾರ್ಟಿನ ಕಡೆ ನೋಡಿದಳು. ಎರಡನೇ ಸಾಲು, ಅವಳದೇ ಅಕ್ಷರ, ಕೆಂಪಗೆ, 'ಲೇ' ಒತ್ತಿ ಬರೆದದ್ದು. ಮಂಚದ ಹತ್ತಿರ ಹೋಗಿ ಮೊಬೈಲು ತಂದು, ಅದೇ ಬಾಗಿಲ ಮುಂದೆ ನಿಂತು ಒತ್ತಿದಳು. ಒಳಗೆ ಗಂಟೆ ಬಾರಿಸಿತು. ಮಾವ ಸೊಪ್ಪು ಹರಡುವುದನ್ನು ಮುಗಿಸಿಯೇ ಎತ್ತಿಕೊಂಡರು.

"ಹಲೋ! ಯಾರಮ್ಮಾ ಮಾತಾಡೋದು?" ಎಂದಿತು ಬಾಗಿಲು, ಆಮೇಲೆ ಫೋನು.

"ನಾನು, ಅನಿತ."

"ಎಲ್ಲಿಂದ?"

ಅನಿತ ರಾಗಿ ಮೂಟೆಯ ಕಡೆ ನೋಡಿ, ಟಿ.ವಿ.ಯ ಕಡೆ ನೋಡಿ, ಸಣ್ಣಗೆ ಹೇಳಿದಳು: "ಲಕ್ಕೂರಿಂದ, ಮಾವ."